ಗಣಕದ ಸ್ಮೃತಿ: ಖಾಲಿ ಇರುವುದು, ಲಭ್ಯವಿರುವುದು

ಕೇರಳದ ಶಾಲಾ ಪ್ರಯೋಗಾಲಯಗಳ ಗಣಕಗಳು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಆಧರಿಸಿ ಕೆಲಸ ಮಾಡುತ್ತವೆ. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಆ ಸಂಸ್ಥೆಯು ಉಬುಂಟುವಿನ ತಳಹದಿಯ ಮೇಲೆ ಸಿದ್ಧಪಡಿಸಿದ ಕೈಟ್ ಗ್ನೂ/ಲಿನಕ್ಸ್‌ನಲ್ಲಿಯೇ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಐ.ಸಿ.ಟಿ. ಪಾಠಗಳನ್ನು ಕಲಿಯುತ್ತಾರೆ. ಹೀಗಿರುವಾಗ ಆ ಗಣಕಗಳ ಆರೋಗ್ಯವನ್ನು ಓದಿ ತಿಳಿಯುವ ಸಾಮರ್ಥ್ಯ ಐ.ಸಿ.ಟಿ. ಹೊಣೆ ಹೊತ್ತ ಒಬ್ಬ ಶಿಕ್ಷಕರಲ್ಲಿ ಮಾತ್ರ ಇದ್ದರೆ ಸಾಲದು. ಪ್ರಯೋಗಾಲಯದಲ್ಲಿ ಪಾಠ ಮಾಡುವ ಪ್ರತಿಯೊಬ್ಬ ಶಿಕ್ಷಕರಿಗೂ ಅದರ ಪ್ರಾಥಮಿಕ ಪರಿಚಯ ಅಗತ್ಯ.

ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಎರಡು ದೂರುಗಳಿವೆ. ‘ಗಣಕದಲ್ಲಿ ಮೆಮೊರಿ ಖಾಲಿಯೇ ಇಲ್ಲ’ ಎಂಬುದು ಮೊದಲನೆಯದು. ‘ಕೆಲಸ ಮಾಡುತ್ತಿದ್ದ ಕಿಟಕಿ ತಾನಾಗಿಯೇ ಮುಚ್ಚಿಹೋಯಿತು’ ಎಂಬುದು ಎರಡನೆಯದು. ಮೊದಲನೆಯದು ಹಲವು ಸಂದರ್ಭಗಳಲ್ಲಿ ದೋಷವೇ ಅಲ್ಲ. ಎರಡನೆಯದು ನಿಜವಾದ ದೋಷವಾಗಿರುವ ಸಂಭವ ಹೆಚ್ಚು. ಇವೆರಡರ ನಡುವಿನ ವ್ಯತ್ಯಾಸ ತಿಳಿಯದಿದ್ದರೆ ಚೆನ್ನಾಗಿರುವ ಗಣಕವು ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿಕೊಂಡು ಮೂಲೆ ಸೇರುತ್ತದೆ. ನಿಜವಾಗಿ ತೊಂದರೆಯಲ್ಲಿರುವ ಗಣಕದ ಮುಂದೆ ಪ್ರಾಯೋಗಿಕ ಪರೀಕ್ಷೆಯ ದಿನ ಒಂದು ಮಗು ಕುಳಿತಿರುತ್ತದೆ. ಇರುವ ಕೆಲವೇ ಗಣಕಗಳನ್ನು ಇಡೀ ತರಗತಿ ಹಂಚಿಕೊಳ್ಳಬೇಕಾದ ಶಾಲೆಯಲ್ಲಿ ಈ ಎರಡು ತಪ್ಪುಗಳಿಗೂ ಬೆಲೆ ತೆರುವವರು ಮಕ್ಕಳೇ.

ಈ ಲೇಖನದಲ್ಲಿ ಆದೇಶಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಗಣಕದಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು. ಗೊಂದಲಕ್ಕೆ ಎಡೆಯಿರುವಲ್ಲಿ ಅಕ್ಷರಗಳನ್ನು ಬಿಡಿಸಿ ಹೇಳಲಾಗಿದೆ.

ಮೇಜು, ಕಪಾಟು ಮತ್ತು ಅಟ್ಟ

ಗಣಕದಲ್ಲಿ ಮಾಹಿತಿ ಇರುವ ಸ್ಥಳಗಳು ಮುಖ್ಯವಾಗಿ ಎರಡು. ಹಾರ್ಡ್ ಡಿಸ್ಕಿನಲ್ಲಿ ಇಟ್ಟದ್ದು ವಿದ್ಯುತ್ ಹೋದರೂ ಉಳಿಯುತ್ತದೆ, ಆದರೆ ಅಲ್ಲಿಂದ ತೆಗೆಯಲು ಸಮಯ ಬೇಕು. ರ‍್ಯಾಮ್ ಎಂದು ಕರೆಯಲಾಗುವ ಮುಖ್ಯ ಸ್ಮೃತಿಯು ಅತಿ ವೇಗವುಳ್ಳದ್ದು, ಆದರೆ ವಿದ್ಯುತ್ ಹೋದೊಡನೆ ಬರಿದಾಗುತ್ತದೆ. ಯಾವುದೇ ತಂತ್ರಾಂಶ ಓಡಬೇಕಾದರೂ, ಯಾವುದೇ ಕಡತ ತೆರೆಯಬೇಕಾದರೂ ಅದು ಮುಖ್ಯ ಸ್ಮೃತಿಗೆ ಬರಲೇಬೇಕು.

ಇದನ್ನು ಶಿಕ್ಷಕರ ಕೊಠಡಿಯ ಒಂದು ಮೇಜಿಗೆ ಹೋಲಿಸಬಹುದು. ಹಾರ್ಡ್ ಡಿಸ್ಕ್ ಎಂದರೆ ಕಪಾಟು, ಮುಖ್ಯ ಸ್ಮೃತಿ ಎಂದರೆ ಮೇಜು. ಮೊದಲ ಪಿರಿಯಡಿಗೆಂದು ಕಪಾಟಿನಿಂದ ತೆಗೆದ ಪಠ್ಯಪುಸ್ತಕವನ್ನು, ಮೂರನೆಯ ಪಿರಿಯಡಿಗೂ ಬೇಕಾಗಬಹುದೆಂದು ಮೇಜಿನ ಮೇಲೆಯೇ ಇಟ್ಟಿರುವುದು ಜಾಣತನ. ಮೇಜು ತುಂಬಿದಂತೆ ಕಂಡರೂ ಅದರಿಂದ ಬಾಧಕವಿಲ್ಲ. ಯಾರಾದರೂ ‘ಸ್ವಲ್ಪ ಜಾಗ ಬೇಕು’ ಎಂದರೆ ಆ ಪುಸ್ತಕವನ್ನು ಕ್ಷಣಮಾತ್ರದಲ್ಲಿ ಬದಿಗೆ ಸರಿಸಬಹುದು. ಲಿನಕ್ಸ್ ಕೂಡ ಇದನ್ನೇ ಮಾಡುತ್ತದೆ. ಒಮ್ಮೆ ಓದಿದ ಕಡತದ ಪ್ರತಿಯನ್ನು ಸ್ಮೃತಿಯಲ್ಲಿ ಉಳಿಸಿಕೊಂಡಿರುತ್ತದೆ. ಇದಕ್ಕೆ ಕ್ಯಾಶ್ ಎಂದು ಹೆಸರು. ಮೂಲ ಪ್ರತಿ ಡಿಸ್ಕಿನಲ್ಲಿ ಇದ್ದೇ ಇರುವುದರಿಂದ ಸ್ಥಳ ಬೇಕಾದಾಗ ಸ್ಮೃತಿಯಲ್ಲಿರುವ ಪ್ರತಿಯನ್ನು ಬಿಟ್ಟುಬಿಡಲು ಅಡ್ಡಿಯಿಲ್ಲ.

ಆದರೆ ಮೇಜಿನ ಮೇಲೆ ಅರ್ಧ ತಿದ್ದಿದ ಉತ್ತರಪತ್ರಿಕೆಗಳ ಕಟ್ಟೊಂದು ಇದ್ದರೆ ಮಾತು ಬೇರೆ. ಅದಕ್ಕೆ ಕಪಾಟಿನಲ್ಲಿ ಬೇರೆ ಪ್ರತಿ ಇಲ್ಲ, ಬಿಸಾಡಲಾಗದು. ಮಗು ಬರೆಯುತ್ತಿರುವ, ಇನ್ನೂ ಉಳಿಸದ ಲೇಖನವೂ, ಬಿಡಿಸುತ್ತಿರುವ ಚಿತ್ರವೂ, ತಂತ್ರಾಂಶವು ತನ್ನ ಕೆಲಸಕ್ಕೆಂದು ಮಾಡಿಕೊಂಡ ಲೆಕ್ಕಾಚಾರಗಳೂ ಈ ವರ್ಗಕ್ಕೆ ಸೇರುತ್ತವೆ. ಇಂಥವನ್ನು ಸರಿಸಲೇಬೇಕಾದಾಗ ಲಿನಕ್ಸ್ ಡಿಸ್ಕಿನಲ್ಲಿ ಅದಕ್ಕಾಗಿಯೇ ಮೀಸಲಿಟ್ಟ ಜಾಗಕ್ಕೆ ಸಾಗಿಸುತ್ತದೆ. ಆ ಜಾಗಕ್ಕೆ ಸ್ವ್ಯಾಪ್ ಎಂದು ಹೆಸರು. ಸ್ವ್ಯಾಪ್ ಎಂಬುದು ಮನೆಯ ಅಟ್ಟವಿದ್ದಂತೆ. ಅಪರೂಪಕ್ಕೆ ಬೇಕಾಗುವ ಸಾಮಾನನ್ನು ಅಟ್ಟಕ್ಕೇರಿಸಿದರೆ ಕೆಳಗೆ ಜಾಗವಾಗುತ್ತದೆ. ಆದರೆ ಕ್ಷಣಕ್ಷಣಕ್ಕೂ ಬೇಕಾಗುವ ವಸ್ತುವನ್ನು ಅಟ್ಟದಲ್ಲಿಟ್ಟರೆ ದಿನವೆಲ್ಲ ಏಣಿ ಹತ್ತಿಳಿಯುವುದೇ ಕೆಲಸವಾಗುತ್ತದೆ.

ಒಟ್ಟಿನಲ್ಲಿ, ಸ್ಮೃತಿಯಲ್ಲಿರುವುದೆಲ್ಲ ಒಂದೇ ಬಗೆಯದಲ್ಲ. ಸುಲಭವಾಗಿ ಬಿಟ್ಟುಕೊಡಬಹುದಾದುದು ಒಂದು, ಬಿಟ್ಟುಕೊಡಲಾಗದುದು ಇನ್ನೊಂದು. ಸ್ಮೃತಿಯ ಬಳಕೆಯನ್ನು ಓದುವುದೆಂದರೆ ಈ ಎರಡನ್ನು ಬೇರ್ಪಡಿಸಿ ನೋಡುವುದು.

ಅಂಕೆಗಳನ್ನು ಓದುವ ಕ್ರಮ

ಟರ್ಮಿನಲ್ ತೆರೆದು, ಎಫ್, ಆರ್, ಇ, ಇ ಎಂಬ ನಾಲ್ಕು ಅಕ್ಷರಗಳ ‘ಫ್ರೀ’ ಎಂಬ ಆದೇಶ ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಗೂ ಎಚ್ ಅಕ್ಷರ ಬರೆದು ಎಂಟರ್ ಒತ್ತಬೇಕು. ಎರಡು ಸಾಲುಗಳ ಪಟ್ಟಿ ಕಾಣಿಸುತ್ತದೆ. ಮೊದಲ ಸಾಲು ಮುಖ್ಯ ಸ್ಮೃತಿಯದು, ಎರಡನೆಯದು ಸ್ವ್ಯಾಪಿನದು. ಎಚ್ ಅಕ್ಷರ ಸೇರಿಸಿದ್ದರಿಂದ ಅಂಕೆಗಳು ಜಿಬಿ, ಎಂಬಿ ಮಾನಗಳಲ್ಲಿ ಬರುತ್ತವೆ. ಇಲ್ಲಿ 1024 ಎಂಬಿಗೆ ಒಂದು ಜಿಬಿ ಎಂಬ ಲೆಕ್ಕ.

4 ಜಿಬಿ ಸ್ಮೃತಿಯ ಒಂದು ಗಣಕದಲ್ಲಿ ಮೊದಲ ಸಾಲು ಹೀಗಿದೆ ಎಂದು ಭಾವಿಸೋಣ:

ಒಟ್ಟು: 3.7 ಜಿಬಿ
ಬಳಕೆಯಲ್ಲಿರುವುದು: 1.6 ಜಿಬಿ
ಖಾಲಿ: 180 ಎಂಬಿ
ಹಂಚಿಕೊಂಡದ್ದು: 210 ಎಂಬಿ
ಬಫರ್ ಮತ್ತು ಕ್ಯಾಶ್: 1.9 ಜಿಬಿ
ಲಭ್ಯ: 1.6 ಜಿಬಿ

ಗಣಕದ ಮೇಲೆ 4 ಜಿಬಿ ಎಂದಿದ್ದರೂ ಒಟ್ಟು 3.7 ಎಂದು ಕಾಣುವುದು ಸಹಜ. ಲಿನಕ್ಸಿನ ತಿರುಳಾದ ಕರ್ನೆಲ್ ತನ್ನ ಪಾಲನ್ನು ಮೊದಲೇ ತೆಗೆದಿರಿಸುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಗಣಕಗಳಲ್ಲಿ ಪರದೆಯ ಚಿತ್ರಕ್ಕೂ ಇದೇ ಸ್ಮೃತಿಯಿಂದ ಸ್ವಲ್ಪ ಭಾಗ ಹೋಗುತ್ತದೆ.

ಮೂರನೆಯ ಅಂಕೆ, ಅಂದರೆ ಖಾಲಿ ಇರುವ 180 ಎಂಬಿ, ನೋಡುವವರಲ್ಲಿ ಗಾಬರಿ ಹುಟ್ಟಿಸುತ್ತದೆ. ಆದರೆ ಖಾಲಿ ಎಂದರೆ ಯಾವ ಕೆಲಸಕ್ಕೂ ಬಾರದೆ ಬರಿದೇ ಬಿದ್ದಿರುವ ಸ್ಮೃತಿ ಎಂದಷ್ಟೇ ಅರ್ಥ. ಹೊಸ ತಂತ್ರಾಂಶ ತೆರೆಯಲು ಎಷ್ಟು ಸಿಗಬಹುದು ಎಂಬುದನ್ನು ಹೇಳುವುದು ಕೊನೆಯ ಅಂಕೆ, ಅಂದರೆ ಲಭ್ಯ. ಖಾಲಿ ಇರುವುದನ್ನೂ, ಕ್ಯಾಶಿನಿಂದ ಬಿಡಿಸಿಕೊಳ್ಳಬಹುದಾದುದನ್ನೂ ಅಂದಾಜಿಸಿ ಕರ್ನೆಲ್ ಈ ಅಂಕೆಯನ್ನು ಕೊಡುತ್ತದೆ. ಮೇಲಿನ ಗಣಕದಲ್ಲಿ 1.6 ಜಿಬಿ ಲಭ್ಯವಿದೆ. ಅದಕ್ಕೆ ಸ್ಮೃತಿಯ ಕೊರತೆಯಿಲ್ಲ.

ಹಾಗಾದರೆ ಕ್ಯಾಶಿನ 1.9 ಜಿಬಿಯೂ ಖಾಲಿಯ 180 ಎಂಬಿಯೂ ಸೇರಿ ಪೂರ್ತಿಯಾಗಿ ಏಕೆ ಲಭ್ಯವಲ್ಲ ಎಂಬ ಪ್ರಶ್ನೆ ಏಳಬಹುದು. ಹಂಚಿಕೊಂಡದ್ದು ಎಂದು ತೋರಿಸುವ 210 ಎಂಬಿ ಕ್ಯಾಶಿನ ಲೆಕ್ಕದೊಳಗೇ ಸೇರಿದ್ದರೂ ಅದು ಬಿಟ್ಟುಕೊಡಬಹುದಾದ ಪ್ರತಿಯಲ್ಲ. ತಾತ್ಕಾಲಿಕ ಕಡತಗಳು, ತಂತ್ರಾಂಶಗಳು ತಮ್ಮತಮ್ಮೊಳಗೆ ಹಂಚಿಕೊಂಡ ಮಾಹಿತಿ ಇತ್ಯಾದಿ ಅಲ್ಲಿರುತ್ತವೆ. ಓಡುತ್ತಿರುವ ತಂತ್ರಾಂಶಗಳ ಭಾಗಗಳೂ ಕ್ಯಾಶಿನಲ್ಲಿರುತ್ತವೆ. ಅವನ್ನೆಲ್ಲ ಹೊರಹಾಕಿದರೆ ಗಣಕ ತೆವಳತೊಡಗುತ್ತದೆ. ಆದುದರಿಂದ ಕರ್ನೆಲ್ ಎಚ್ಚರಿಕೆಯ ಅಂದಾಜನ್ನೇ ಕೊಡುತ್ತದೆ.

ಲಭ್ಯ ಎಂಬ ಈ ಅಂದಾಜನ್ನು ಕರ್ನೆಲ್ ಕೊಡತೊಡಗಿದ್ದು 2014ರಲ್ಲಿ ಹೊರಬಂದ 3.14ನೆಯ ಆವೃತ್ತಿಯಿಂದ. ಅದಕ್ಕೂ ಮೊದಲು ಬಳಕೆದಾರರೇ ಕೂಡಿ ಕಳೆದು ಲೆಕ್ಕ ಹಾಕಬೇಕಾಗಿತ್ತು. ‘ಬಳಕೆಯಲ್ಲಿರುವುದು’ ಎಂಬ ಅಂಕೆಯನ್ನು ಲೆಕ್ಕಹಾಕುವ ರೀತಿಯೂ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ. ಆದುದರಿಂದ ಎರಡು ಗಣಕಗಳನ್ನು ಹೋಲಿಸುವಾಗ ಲಭ್ಯದ ಅಂಕೆಯನ್ನೇ ಆಧಾರವಾಗಿಟ್ಟುಕೊಳ್ಳುವುದು ಕ್ಷೇಮ.

ಭಾಷೆಯ ದೃಷ್ಟಿಯಿಂದ ಇಲ್ಲೊಂದು ಅನುಕೂಲವಿದೆ. ಇಂಗ್ಲಿಷಿನ ‘ಫ್ರೀ’ ಎಂಬ ಪದಕ್ಕೆ ಖಾಲಿ, ಉಚಿತ, ಸ್ವತಂತ್ರ, ಬಿಡುವಾಗಿರುವ ಎಂಬ ಹಲವು ಅರ್ಥಗಳಿರುವುದರಿಂದ ಗೊಂದಲವಾಗುತ್ತದೆ. ಕನ್ನಡದಲ್ಲಿ ‘ಖಾಲಿ’ ಮತ್ತು ‘ಲಭ್ಯ’ ಎಂಬ ಎರಡು ಪದಗಳನ್ನು ಮೊದಲ ದಿನದಿಂದಲೇ ಬೇರ್ಪಡಿಸಿ ಬಳಸಿದರೆ ಪರಿಕಲ್ಪನೆಯ ಅರ್ಧ ಭಾಗ ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ.

ನಿಜವಾದ ಕೊರತೆಯ ಲಕ್ಷಣಗಳು

ಈಗ ಅದೇ ಪ್ರಯೋಗಾಲಯದ ಇನ್ನೊಂದು ಗಣಕವನ್ನು ನೋಡೋಣ. ಒಟ್ಟು 3.7 ಜಿಬಿ, ಬಳಕೆಯಲ್ಲಿ 3.3 ಜಿಬಿ, ಖಾಲಿ 95 ಎಂಬಿ, ಕ್ಯಾಶ್ 310 ಎಂಬಿ, ಲಭ್ಯ 110 ಎಂಬಿ. ಸ್ವ್ಯಾಪಿನ 2 ಜಿಬಿಯಲ್ಲಿ 1.8 ಜಿಬಿ ತುಂಬಿದೆ. ಖಾಲಿಯ ಅಂಕೆಯನ್ನಷ್ಟೇ ನೋಡಿದರೆ ಮೊದಲ ಗಣಕಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಲಭ್ಯದ ಅಂಕೆಯನ್ನು ನೋಡಿದರೆ ಒಂದು ನಿಶ್ಚಿಂತೆಯಿಂದಿದೆ, ಇನ್ನೊಂದು ಅಪಾಯದ ಅಂಚಿನಲ್ಲಿದೆ.

ಸ್ವ್ಯಾಪಿನಲ್ಲಿ ಏನಾದರೂ ಇದೆ ಎಂಬುದೇ ದೋಷದ ಗುರುತಲ್ಲ. ಬೆಳಗ್ಗೆ ತೆರೆದು ಮತ್ತೆ ಮುಟ್ಟದ ತಂತ್ರಾಂಶದ ಭಾಗಗಳು ಅಲ್ಲಿಗೆ ಹೋಗಿ ಸುಮ್ಮನೆ ಕುಳಿತಿರಬಹುದು. ಅಟ್ಟದಲ್ಲಿ ಸಾಮಾನಿದೆಯೇ ಎಂಬುದಕ್ಕಿಂತ ಯಾರಾದರೂ ಎಡೆಬಿಡದೆ ಏಣಿ ಹತ್ತಿ ಇಳಿಯುತ್ತಿದ್ದಾರೆಯೇ ಎಂಬುದು ಮುಖ್ಯ. ಅದನ್ನು ತಿಳಿಯಲು ‘ವಿಎಂಸ್ಟ್ಯಾಟ್’ ಎಂಬ ಆದೇಶವಿದೆ. ವಿ, ಎಂ, ಎಸ್, ಟಿ, ಎ, ಟಿ ಎಂದು ಕೂಡಿಸಿ ಬರೆದು, ಜಾಗ ಬಿಟ್ಟು 2, ಮತ್ತೆ ಜಾಗ ಬಿಟ್ಟು 10 ಎಂದು ಬರೆದರೆ ಎರಡೆರಡು ಸೆಕೆಂಡಿಗೊಮ್ಮೆ ಹತ್ತು ಸಾಲುಗಳು ಬರುತ್ತವೆ. ಎಸ್ಐ ಎಂಬ ಕಂಬಸಾಲು ಸ್ವ್ಯಾಪಿನಿಂದ ಸ್ಮೃತಿಗೆ ಬರುತ್ತಿರುವುದನ್ನೂ ಎಸ್ಒ ಎಂಬುದು ಸ್ಮೃತಿಯಿಂದ ಸ್ವ್ಯಾಪಿಗೆ ಹೋಗುತ್ತಿರುವುದನ್ನೂ ತೋರಿಸುತ್ತವೆ. ಮೊದಲ ಸಾಲು ಗಣಕವನ್ನು ಚಾಲೂ ಮಾಡಿದಂದಿನಿಂದ ಬಂದ ಸರಾಸರಿಯಾದ್ದರಿಂದ ಅದನ್ನು ಬಿಟ್ಟು ಉಳಿದ ಸಾಲುಗಳನ್ನು ನೋಡಬೇಕು. ಎರಡೂ ಕಂಬಸಾಲುಗಳಲ್ಲಿ ಸೊನ್ನೆಯೋ ಅಪರೂಪಕ್ಕೊಂದು ಸಣ್ಣ ಅಂಕೆಯೋ ಇದ್ದರೆ ಚಿಂತೆಯಿಲ್ಲ. ಎರಡರಲ್ಲಿಯೂ ಸಾಲುಸಾಲಾಗಿ ದೊಡ್ಡ ಅಂಕೆಗಳು ಬರುತ್ತಿದ್ದರೆ ಗಣಕ ಏಣಿ ಹತ್ತಿಳಿಯುತ್ತಿದೆ ಎಂದರ್ಥ. ಆಗ ಮೌಸ್ ಅಲುಗಿಸಿದರೂ ಬಾಣದ ಗುರುತು ತಡವರಿಸುತ್ತದೆ, ಡಿಸ್ಕಿನ ದೀಪ ಒಂದೇ ಸಮನೆ ಉರಿಯುತ್ತದೆ.

ಸ್ಮೃತಿಯೂ ತುಂಬಿ, ಸ್ವ್ಯಾಪೂ ತುಂಬಿ, ಬಿಡಿಸಿಕೊಳ್ಳಲು ಏನೂ ಉಳಿಯದಾಗ ಕರ್ನೆಲ್ ಕೊನೆಯ ಉಪಾಯಕ್ಕೆ ಕೈ ಹಾಕುತ್ತದೆ. ಇಡೀ ಗಣಕ ಸ್ತಬ್ಧವಾಗುವುದನ್ನು ತಪ್ಪಿಸಲು ಒಂದು ಪ್ರಕ್ರಿಯೆಯನ್ನು ಆರಿಸಿ ಅದನ್ನು ಬಲವಂತವಾಗಿ ಕೊನೆಗೊಳಿಸುತ್ತದೆ. ಆಯ್ಕೆಯಲ್ಲಿ ಮುಖ್ಯವಾಗಿ ಗಣನೆಗೆ ಬರುವುದು ಯಾವುದು ಹೆಚ್ಚು ಸ್ಮೃತಿ ಹಿಡಿದಿದೆ ಎಂಬುದು. ಹೀಗೆ ಬಲಿಯಾಗುವುದು ಮಗು ಕೆಲಸ ಮಾಡುತ್ತಿರುವ ಗಿಂಪ್, ಬ್ಲೆಂಡರ್ ಅಥವಾ ಫೈರ್‌ಫಾಕ್ಸ್ ಆಗಿರುವ ಸಂಭವವೇ ಹೆಚ್ಚು. ‘ಉಳಿಸಬೇಕೆ?’ ಎಂಬ ಪ್ರಶ್ನೆ ಕೇಳುವಷ್ಟು ಅವಕಾಶವೂ ಆ ತಂತ್ರಾಂಶಕ್ಕೆ ಸಿಗುವುದಿಲ್ಲ. ಆಗ ಮಗುವನ್ನು ‘ಏನು ಒತ್ತಿದೆ?’ ಎಂದು ಗದರಿಸುವುದು ಅನ್ಯಾಯ. ಮಗು ಏನನ್ನೂ ತಪ್ಪಾಗಿ ಒತ್ತಿಲ್ಲದಿರಬಹುದು.

ಇದಕ್ಕೆ ಪುರಾವೆ ಗಣಕದಲ್ಲಿಯೇ ಸಿಗುತ್ತದೆ. ‘ಸುಡೊ’ ಎಂದು ಬರೆದು, ಜಾಗ ಬಿಟ್ಟು, ಡಿ, ಎಂ, ಇ, ಎಸ್, ಜಿ ಎಂಬ ಅಕ್ಷರಗಳನ್ನು ಕೂಡಿಸಿ ಬರೆದರೆ ಕರ್ನೆಲಿನ ದಿನಚರಿ ತೆರೆದುಕೊಳ್ಳುತ್ತದೆ. ಇದಕ್ಕೆ ನಿರ್ವಾಹಕರ ಗುಪ್ತಪದ ಬೇಕು. ಅದರ ಕೊನೆಯ ಭಾಗದಲ್ಲಿ ‘ಔಟ್ ಆಫ್ ಮೆಮೊರಿ’, ‘ಕಿಲ್ಡ್ ಪ್ರೊಸೆಸ್’ ಎಂಬ ಪದಗಳೂ ಅವುಗಳ ಜೊತೆಗೆ ತಂತ್ರಾಂಶದ ಹೆಸರೂ ಇದ್ದರೆ ಕಾರಣ ಸ್ಮೃತಿಯ ಕೊರತೆಯೇ ಎಂಬುದು ಖಚಿತ. ಗಣಕವನ್ನು ಪುನರಾರಂಭಿಸಿದರೆ ಈ ಆದೇಶ ಹಳೆಯ ದಿನಚರಿಯನ್ನು ತೋರಿಸುವುದಿಲ್ಲ. ಆದುದರಿಂದ ಮೊದಲು ನೋಡಿ ಬರೆದಿಟ್ಟುಕೊಳ್ಳಬೇಕು. ಉಬುಂಟು 22.04ರಿಂದ ಈಚೆಗೆ ಡೆಸ್ಕ್‌ಟಾಪ್‌ಗಳಲ್ಲಿ ಇನ್ನೊಂದು ಕಾವಲು ಸೇವೆಯೂ ಇದೆ. ಅದು ಕರ್ನೆಲಿಗಿಂತ ಮೊದಲೇ ಎಚ್ಚೆತ್ತು ಹೆಚ್ಚು ಒತ್ತಡ ತಂದಿರುವ ತಂತ್ರಾಂಶವನ್ನು ಮುಚ್ಚುತ್ತದೆ. ಕರ್ನೆಲಿನ ದಿನಚರಿಯಲ್ಲಿ ಏನೂ ಇಲ್ಲದೆಯೇ ಕಿಟಕಿ ಮುಚ್ಚಿದ್ದರೆ ಈ ಸಾಧ್ಯತೆಯನ್ನೂ ಪರಿಗಣಿಸಬೇಕು.

ಸ್ಥಳ ಹಿಡಿದಿರುವುದು ಯಾವುದು?

ಕೊರತೆ ಇದೆಯೆಂದು ಖಚಿತವಾದ ಮೇಲೆ ಯಾವುದು ಎಷ್ಟು ಹಿಡಿದಿದೆ ಎಂದು ನೋಡಬೇಕು. ಟಿ, ಒ, ಪಿ ಎಂಬ ಮೂರಕ್ಷರಗಳ ‘ಟಾಪ್’ ಆದೇಶ ಕೊಟ್ಟು, ಶಿಫ್ಟ್ ಕೀಲಿಯೊಡನೆ ಎಂ ಒತ್ತಿದರೆ ಹೆಚ್ಚು ಸ್ಮೃತಿ ಹಿಡಿದ ಪ್ರಕ್ರಿಯೆ ಮೇಲಕ್ಕೆ ಬರುತ್ತದೆ. ಹೊರಬರಲು ಕ್ಯೂ ಒತ್ತಬೇಕು. ಟರ್ಮಿನಲ್ ಅಭ್ಯಾಸವಿಲ್ಲದವರು ‘ಸಿಸ್ಟಮ್ ಮಾನಿಟರ್’ ತೆರೆದು ಅದೇ ಮಾಹಿತಿಯನ್ನು ಪಟ್ಟಿಯಾಗಿ ನೋಡಬಹುದು.

ಟಾಪ್ ಪಟ್ಟಿಯಲ್ಲಿ ವಿಐಆರ್‌ಟಿ ಮತ್ತು ಆರ್‌ಇಎಸ್ ಎಂಬ ಎರಡು ಕಂಬಸಾಲುಗಳಿವೆ. ಮೊದಲನೆಯದು ತಂತ್ರಾಂಶವು ತನಗಾಗಿ ಗುರುತು ಹಾಕಿಕೊಂಡಿರುವ ಒಟ್ಟು ವಿಳಾಸಗಳ ವ್ಯಾಪ್ತಿ. ಅದು ಹಲವು ಜಿಬಿ ಇದ್ದರೂ ಗಾಬರಿ ಬೇಡ. ಎರಡನೆಯದು ಸದ್ಯ ಮುಖ್ಯ ಸ್ಮೃತಿಯಲ್ಲಿ ನಿಜವಾಗಿ ಹಿಡಿದಿರುವ ಪ್ರಮಾಣ. ನೋಡಬೇಕಾದದ್ದು ಇದನ್ನೇ. ಹಲವು ಪ್ರಕ್ರಿಯೆಗಳು ಒಂದೇ ಭಾಗವನ್ನು ಹಂಚಿಕೊಂಡಿರುವುದರಿಂದ ಎಲ್ಲ ಪ್ರಕ್ರಿಯೆಗಳ ಈ ಅಂಕೆಗಳನ್ನು ಕೂಡಿಸಿದರೆ ನಿಜಕ್ಕಿಂತ ಹೆಚ್ಚು ಬರುತ್ತದೆ ಎಂಬುದೂ ನೆನಪಿರಲಿ.

ಶಾಲೆಯ ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಕಂಡುಬರುವ ಕಾರಣಗಳು ನಾಲ್ಕು.

ಮೊದಲನೆಯದು ಅಂತರ್ಜಾಲ ವೀಕ್ಷಕ. ಫೈರ್‌ಫಾಕ್ಸ್ ತನ್ನ ಕೆಲಸವನ್ನು ಹಲವು ಪ್ರಕ್ರಿಯೆಗಳಿಗೆ ಹಂಚುತ್ತದೆ. ತೆರೆದಿಟ್ಟ ಪುಟಗಳು ಹೆಚ್ಚಿದಂತೆ ಸ್ಮೃತಿಯ ಬಳಕೆಯೂ ಹೆಚ್ಚುತ್ತದೆ.

ಎರಡನೆಯದು ದೊಡ್ಡ ಛಾಯಾಚಿತ್ರ. ಮೊಬೈಲಿನಲ್ಲಿ ತೆಗೆದ 4000×3000 ಬಿಂದುಗಳ ಚಿತ್ರ ಡಿಸ್ಕಿನಲ್ಲಿ ಕೆಲವೇ ಎಂಬಿ ಇರಬಹುದು. ಗಿಂಪಿನಲ್ಲಿ ತೆರೆದಾಗ ಅದು ಬಿಚ್ಚಿಕೊಳ್ಳುತ್ತದೆ. 1 ಕೋಟಿ 20 ಲಕ್ಷ ಬಿಂದುಗಳಿಗೆ ಬಿಂದುವೊಂದಕ್ಕೆ ಕನಿಷ್ಠ 4 ಬೈಟ್‌ನಂತೆ ಒಂದು ಪದರಕ್ಕೆ ಸುಮಾರು 48 ಎಂಬಿ. ಐದು ಪದರಗಳಾದರೆ 240 ಎಂಬಿ. ಹಿಂದಿನ ಹೆಜ್ಜೆಗಳನ್ನು ರದ್ದುಪಡಿಸಲು ಇಟ್ಟುಕೊಳ್ಳುವ ಪ್ರತಿಗಳು ಇದಕ್ಕೆ ಹೊರತು. ಅದೇ ಚಿತ್ರವನ್ನು ಮೊದಲೇ 1000×750ಕ್ಕೆ ಕುಗ್ಗಿಸಿದರೆ ಪದರಕ್ಕೆ 3 ಎಂಬಿ, ಅಂದರೆ ಹದಿನಾರರಲ್ಲಿ ಒಂದು ಪಾಲು ಸಾಕು. ಶಾಲಾ ಭಿತ್ತಿಪತ್ರದ ಅಭ್ಯಾಸಕ್ಕೆ ಆ ಗಾತ್ರ ಧಾರಾಳವಾಯಿತು.

ಮೂರನೆಯದು ಮುಚ್ಚದೆ ಬಿಟ್ಟ ಬಳಕೆದಾರ ಖಾತೆಗಳು. ಒಂದು ತಂಡದ ಮಕ್ಕಳು ಎದ್ದುಹೋಗುವಾಗ ‘ಲಾಗ್ ಔಟ್’ ಮಾಡದೆ, ಮುಂದಿನ ತಂಡದವರು ‘ಬಳಕೆದಾರರನ್ನು ಬದಲಿಸು’ ಎಂಬುದನ್ನು ಒತ್ತಿ ತಮ್ಮ ಖಾತೆ ತೆರೆದರೆ ಹಿಂದಿನವರು ತೆರೆದಿಟ್ಟ ತಂತ್ರಾಂಶಗಳೆಲ್ಲ ಕಣ್ಣಿಗೆ ಕಾಣದಂತೆ ಸ್ಮೃತಿಯಲ್ಲಿಯೇ ಉಳಿಯುತ್ತವೆ. ಟಾಪ್ ಪಟ್ಟಿಯ ಬಳಕೆದಾರ ಕಂಬಸಾಲಿನಲ್ಲಿ ಎರಡು ಮೂರು ಖಾತೆಗಳ ಹೆಸರು ಕಂಡರೆ ಇದೇ ಕಾರಣ. ಮಧ್ಯಾಹ್ನದ ನಂತರ ಮಾತ್ರ ನಿಧಾನವಾಗುವ ಗಣಕಗಳಲ್ಲಿ ಮೊದಲು ಇದನ್ನು ಪರೀಕ್ಷಿಸಬೇಕು.

ನಾಲ್ಕನೆಯದು ಸೋರಿಕೆ. ತಂತ್ರಾಂಶದ ದೋಷದಿಂದಾಗಿ, ಕೆಲಸ ಮುಗಿದರೂ ಸ್ಮೃತಿಯನ್ನು ಹಿಂದಿರುಗಿಸದೆ ಬೇಡಿಕೆ ಹೆಚ್ಚಿಸುತ್ತಲೇ ಹೋಗುವುದಕ್ಕೆ ಈ ಹೆಸರು. ಒಮ್ಮೆ ನೋಡಿದರೆ ಇದು ತಿಳಿಯದು. ಮಗು ಹೊಸದೇನನ್ನೂ ಮಾಡದಿದ್ದಾಗ ಹತ್ತು ನಿಮಿಷಕ್ಕೊಮ್ಮೆ ಆರ್‌ಇಎಸ್ ಅಂಕೆಯನ್ನು ಬರೆದಿಟ್ಟು ನೋಡಬೇಕು. ಅಂಕೆ ಏರುತ್ತಲೇ ಹೋದರೆ ಸೋರಿಕೆಯ ಸಂಶಯ ಬಲವಾಗುತ್ತದೆ.

ಪರಿಹಾರದ ಕ್ರಮ

1. ಮೊದಲು ಕೆಲಸವನ್ನು ಉಳಿಸಬೇಕು. ಗಣಕ ತಡವರಿಸುತ್ತಿದ್ದರೂ ಕಂಟ್ರೋಲ್ ಮತ್ತು ಎಸ್ ಒತ್ತಿ ಕಾಯುವ ತಾಳ್ಮೆ ಬೇಕು.

2. ಬೇಡದ ತಂತ್ರಾಂಶಗಳನ್ನು ಅವುಗಳ ಮೆನುವಿನಿಂದಲೇ ಮುಚ್ಚಬೇಕು. ಸ್ಪಂದಿಸದಿದ್ದರೆ ಸಿಸ್ಟಮ್ ಮಾನಿಟರಿನಲ್ಲಿ ‘ಎಂಡ್’ ಆರಿಸಬೇಕು. ಅದು ತಂತ್ರಾಂಶಕ್ಕೆ ವ್ಯವಸ್ಥಿತವಾಗಿ ಮುಗಿಸಿಕೊಳ್ಳುವ ಅವಕಾಶ ಕೊಡುತ್ತದೆ. ‘ಕಿಲ್’ ಎಂಬುದು ಕೊನೆಯ ದಾರಿ.

3. ಉಳಿದುಹೋದ ಹಳೆಯ ಖಾತೆಗಳನ್ನು ತೆರೆದು, ಉಳಿಸಬೇಕಾದುದನ್ನು ಉಳಿಸಿ, ಲಾಗ್ ಔಟ್ ಮಾಡಬೇಕು.

4. ಆಮೇಲೆ ಮತ್ತೊಮ್ಮೆ ‘ಫ್ರೀ’ ಆದೇಶ ಕೊಟ್ಟು ಲಭ್ಯದ ಅಂಕೆ ಏರಿದೆಯೇ ಎಂದು ನೋಡಬೇಕು. ಏರಿದ್ದರೆ ಕಾರಣ ಸಿಕ್ಕಿತೆಂದೇ ಅರ್ಥ.

5. ಒಂದೇ ತಂತ್ರಾಂಶ ತೆರೆದಿದ್ದಾಗಲೂ ಲಭ್ಯದ ಅಂಕೆ ತೀರಾ ಕಡಿಮೆಯಿರುವುದು ಮರುಕಳಿಸಿದರೆ ಸ್ಮೃತಿಯನ್ನು ಹೆಚ್ಚಿಸಲು ಬೇಡಿಕೆ ಸಲ್ಲಿಸುವುದು ನ್ಯಾಯ. ಡಿಡಿಆರ್3 ಮತ್ತು ಡಿಡಿಆರ್4 ಬಗೆಯ ಪಟ್ಟಿಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಆದುದರಿಂದ ಬೇಡಿಕೆಯಲ್ಲಿ ಬಗೆಯನ್ನು ನಮೂದಿಸಬೇಕು.

ಕೆಲವು ಕ್ರಮಗಳಿಂದ ದೂರವಿರುವುದು ಒಳಿತು. ಖಾಲಿಯ ಅಂಕೆ ಹೆಚ್ಚಲೆಂದು ಕ್ಯಾಶನ್ನು ಬಲವಂತವಾಗಿ ಬರಿದು ಮಾಡುವುದರಿಂದ ಲಾಭವಿಲ್ಲ. ಮೇಜಿನ ಪುಸ್ತಕಗಳನ್ನೆಲ್ಲ ಕಪಾಟಿಗೆ ಸೇರಿಸಿ, ಮರುಕ್ಷಣ ಅವನ್ನೇ ಮತ್ತೆ ತೆಗೆದಂತಾಗುತ್ತದೆ. ಸ್ವ್ಯಾಪನ್ನು ನಿಲ್ಲಿಸಿದರೆ ಗಣಕ ಚುರುಕಾಗುವುದೆಂಬ ನಂಬಿಕೆಯೂ ಸರಿಯಲ್ಲ. ಕಡಿಮೆ ಸ್ಮೃತಿಯ ಗಣಕದಲ್ಲಿ ಅದರಿಂದ ಬಲವಂತದ ಮುಚ್ಚುವಿಕೆ ಇನ್ನಷ್ಟು ಬೇಗ ಬರುತ್ತದೆ. ವಿದ್ಯುತ್ ತಂತಿಯನ್ನು ಕಿತ್ತು ಗಣಕ ನಿಲ್ಲಿಸುವುದಂತೂ ಕೂಡದು.

ಈ ಕೊನೆಯ ಎಚ್ಚರಿಕೆಗೆ ಪೆನ್‌ಡ್ರೈವಿನ ಬಳಕೆಯಲ್ಲಿಯೂ ಅರ್ಥವಿದೆ. ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡಿದಾಗ ಲಿನಕ್ಸ್ ಅದನ್ನು ಮೊದಲು ಸ್ಮೃತಿಯಲ್ಲಿ ಬರೆದುಕೊಂಡು, ಅನಂತರ ಪೆನ್‌ಡ್ರೈವಿಗೆ ಸಾಗಿಸುತ್ತದೆ. ಪರದೆಯಲ್ಲಿ ನಕಲು ಮುಗಿದಂತೆ ಕಂಡರೂ ಒಳಗೆ ಬರವಣಿಗೆ ನಡೆಯುತ್ತಿರಬಹುದು. ‘ಇಜೆಕ್ಟ್’ ಒತ್ತಿ, ತೆಗೆಯಬಹುದು ಎಂಬ ಸೂಚನೆ ಬರುವವರೆಗೆ ಕಾಯದೆ ಕಿತ್ತರೆ ಮನೆಗೆ ಹೋಗುವುದು ಅರ್ಧ ಕಡತ ಮಾತ್ರ. ಸ್ಮೃತಿಯ ಪಾಠದಲ್ಲಿಯೇ ಈ ಅಭ್ಯಾಸವನ್ನೂ ಕಲಿಸಬಹುದು.

ಸ್ಮೃತಿಯದಲ್ಲದ ತೊಂದರೆಗಳು

ಗಣಕ ನಿಧಾನವಾದುದಕ್ಕೆಲ್ಲ ಸ್ಮೃತಿಯೇ ಕಾರಣವಲ್ಲ. ಲಭ್ಯದ ಅಂಕೆ ಸಾಕಷ್ಟಿದ್ದೂ, ಎಸ್ಐ ಮತ್ತು ಎಸ್ಒ ಸೊನ್ನೆಯಿದ್ದೂ ಗಣಕ ತೆವಳುತ್ತಿದ್ದರೆ ಬೇರೆಡೆ ಹುಡುಕಬೇಕು. ಟಾಪ್ ಪಟ್ಟಿಯ ಮೇಲ್ಭಾಗದಲ್ಲಿರುವ ಡಬ್ಲ್ಯುಎ ಎಂಬ ಅಂಕೆ ಸದಾ ಹೆಚ್ಚಿದ್ದರೆ ಸಂಸ್ಕಾರಕವು ಡಿಸ್ಕಿಗಾಗಿ ಕಾಯುತ್ತಿದೆ ಎಂದರ್ಥ. ಡಿಸ್ಕ್ ಹಳತಾಗಿರಬಹುದು, ಕೆಡುತ್ತಿರಬಹುದು. ಡಿಸ್ಕಿನ ಜಾಗ ಪೂರ್ತಿ ತುಂಬಿದ್ದರೂ ತಂತ್ರಾಂಶಗಳು ತೆರೆಯಲು ತಿಣುಕುತ್ತವೆ. ಧೂಳು ಕಟ್ಟಿ ಬೀಸಣಿಗೆ ತಿರುಗದಿದ್ದರೆ ಬಿಸಿಯೇರಿ ಸಂಸ್ಕಾರಕ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಇನ್ನೊಂದು ಸಂದರ್ಭ ಗಮನಾರ್ಹ. 2 ಜಿಬಿಯ ಎರಡು ಪಟ್ಟಿಗಳಿರುವ ಗಣಕದಲ್ಲಿ ಒಟ್ಟು ಸ್ಮೃತಿ 2 ಜಿಬಿಗಿಂತಲೂ ಕಡಿಮೆ ಎಂದು ತೋರಿಸಿದರೆ ಒಂದು ಪಟ್ಟಿ ಸರಿಯಾಗಿ ಕುಳಿತಿಲ್ಲ ಅಥವಾ ಕೆಟ್ಟಿದೆ. ವಿದ್ಯುತ್ ಸಂಪರ್ಕವನ್ನು ಸಂಪೂರ್ಣ ತಪ್ಪಿಸಿ, ತಿಳಿದವರಿಂದ ಅದನ್ನು ತೆಗೆಸಿ, ಒರೆಸಿ, ಮತ್ತೆ ಕೂರಿಸಿದರೆ ಸರಿಹೋಗುವುದುಂಟು. ಆದುದರಿಂದ ಪಟ್ಟಿಯ ಮೊದಲ ಅಂಕೆಯಾದ ‘ಒಟ್ಟು’ ಎಂಬುದನ್ನೂ ಕಡೆಗಣಿಸಬಾರದು.

ತರಗತಿಯ ಚಟುವಟಿಕೆ

ಪ್ರೌಢಶಾಲೆಯ ಮಕ್ಕಳಿಂದ ಒಂದೇ ಪಿರಿಯಡಿನಲ್ಲಿ ಮಾಡಿಸಬಹುದಾದ ಪ್ರಯೋಗವಿದು. ಗಣಕವನ್ನು ಆಗಷ್ಟೇ ಚಾಲೂ ಮಾಡಿ ‘ಫ್ರೀ’ ಆದೇಶದ ಖಾಲಿ, ಕ್ಯಾಶ್, ಲಭ್ಯ ಎಂಬ ಮೂರು ಅಂಕೆಗಳನ್ನು ಬರೆದುಕೊಳ್ಳಲಿ. ಲಿಬ್ರೆ ಆಫೀಸ್ ರೈಟರ್ ತೆರೆಯಲು ಹಿಡಿದ ಸೆಕೆಂಡುಗಳನ್ನು ಎಣಿಸಲಿ. ಅದನ್ನು ಮುಚ್ಚಿ ಮೂರು ಅಂಕೆಗಳನ್ನು ಮತ್ತೆ ಬರೆಯಲಿ. ರೈಟರನ್ನು ಎರಡನೆಯ ಬಾರಿ ತೆರೆದು ಸೆಕೆಂಡುಗಳನ್ನು ಎಣಿಸಲಿ.

ಎರಡನೆಯ ಬಾರಿ ಬೇಗ ತೆರೆದುಕೊಂಡಿತೇಕೆ, ಖಾಲಿಯ ಅಂಕೆ ಇಳಿದರೂ ಲಭ್ಯದ ಅಂಕೆ ಹೆಚ್ಚು ಬದಲಾಗಲಿಲ್ಲವೇಕೆ ಎಂಬ ಎರಡು ಪ್ರಶ್ನೆಗಳಿಗೆ ಮಕ್ಕಳು ತಮ್ಮ ಮಾತಿನಲ್ಲಿ ಐದಾರು ವಾಕ್ಯಗಳ ಉತ್ತರ ಬರೆಯಲಿ. ಮನೆಯ ಅಟ್ಟ, ಅಡಿಕೆ ಒಣಗಿಸುವ ಅಂಗಳ, ತಮ್ಮದೇ ಪುಸ್ತಕದ ಚೀಲ, ಹೀಗೆ ಹೋಲಿಕೆಯನ್ನು ಅವರೇ ಹುಡುಕಿಕೊಳ್ಳಲಿ. ಕನ್ನಡದಲ್ಲಿ ವಿವರಿಸಲು ಬಂದ ವಿಷಯ ಮಾತ್ರ ನಿಜವಾಗಿ ಅರ್ಥವಾದ ವಿಷಯ. ಆದುದರಿಂದ ಈ ಬರವಣಿಗೆಯನ್ನು ಭಾಷಾ ಪಾಠದ ಚಟುವಟಿಕೆಯಾಗಿಯೂ ಪರಿಗಣಿಸಬಹುದು.

ಪರೀಕ್ಷೆಗೆ ಮುನ್ನ

ಪ್ರಾಯೋಗಿಕ ಪರೀಕ್ಷೆಗೆ ಒಂದು ವಾರ ಮೊದಲು ಪ್ರತಿಯೊಂದು ಗಣಕದ ಸಂಖ್ಯೆ, ದಿನಾಂಕ, ಒಟ್ಟು ಸ್ಮೃತಿ, ಪರೀಕ್ಷೆಗೆ ಬೇಕಾದ ತಂತ್ರಾಂಶಗಳನ್ನು ತೆರೆದಿಟ್ಟಾಗಿನ ಲಭ್ಯ ಸ್ಮೃತಿ, ಸ್ವ್ಯಾಪಿನ ಬಳಕೆ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಯಾವ ಗಣಕದಲ್ಲಿ ಮಗುವನ್ನು ಧೈರ್ಯವಾಗಿ ಕೂರಿಸಬಹುದು, ಯಾವುದಕ್ಕೆ ದುರಸ್ತಿ ಬೇಕು ಎಂಬುದು ಆ ಪುಟದಿಂದಲೇ ತಿಳಿಯುತ್ತದೆ. ಪರೀಕ್ಷೆಯ ದಿನ ಒಂದು ತಂಡ ಎದ್ದ ಕೂಡಲೇ ಅವರ ಕಡತಗಳು ಉಳಿದಿವೆಯೇ ಎಂದು ನೋಡಿ ಖಾತೆಯನ್ನು ಲಾಗ್ ಔಟ್ ಮಾಡಿಸಬೇಕು.

ದುರಸ್ತಿಗೆ ಬರೆಯುವಾಗಲೂ ಈ ಪುಸ್ತಕ ನೆರವಾಗುತ್ತದೆ. ‘ಗಣಕ ಸರಿಯಿಲ್ಲ, ತುಂಬ ನಿಧಾನ’ ಎಂಬ ದೂರಿನಿಂದ ದುರಸ್ತಿ ಮಾಡುವವರಿಗೆ ಏನೂ ತಿಳಿಯದು. ‘7ನೆಯ ಗಣಕ, ಒಟ್ಟು 3.7 ಜಿಬಿ, ಗಿಂಪ್ ಒಂದನ್ನೇ ತೆರೆದಾಗ ಲಭ್ಯ 110 ಎಂಬಿ, ಸ್ವ್ಯಾಪ್ 1.8 ಜಿಬಿ ತುಂಬಿದೆ, ಕರ್ನೆಲ್ ದಿನಚರಿಯಲ್ಲಿ ಸ್ಮೃತಿ ಸಾಲದೆ ಗಿಂಪ್ ಮುಚ್ಚಿದ ದಾಖಲೆಯಿದೆ’ ಎಂದು ಬರೆದರೆ ಅವರು ಬೇಕಾದ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಶಾಲೆಗೆ ಬರಬಹುದು. ಹಾಗೆ ಬರೆಯಲು ಬೇಕಾಗುವುದು ಮೂರು ಆದೇಶಗಳ ಅಭ್ಯಾಸ ಮತ್ತು ಐದು ನಿಮಿಷಗಳ ಸಮಯ ಮಾತ್ರ.